ಅಗತ್ಯ ಕೆಲಸದ ನಿಮಿತ್ತ

ಫ್ರಾನ್ಸ್ ದೇಶಕ್ಕೂ ನಮ್ಮೂರಿಗೂ ಹಿಂದೆ ಯಾವ ವ್ಯವಹಾರವೂ ಇರಲಿಲ್ಲ. ಅವರು ನಮಗೆ ಕೆಟ್ಟದ್ದು ಮಾಡಿದವರಲ್ಲ, ನಾವು ಅವರಿಗೆ ಒಳ್ಳೆಯದು ಮಾಡಿದವರಲ್ಲ. ಹೀಗಿರುವಾಗ ಹೋದ ಯುಗಾದಿ ಕಳೆದ ಮೇಲೆ ಆ ದೇಶದಿಂದ ಹೊರಟ ಒಂದು ಪದ ಇಂಗ್ಲೆಂಡ್ ಹಾದು ನಮ್ಮೂರಿಗೆ ಬಂದು, ನಾಡಕಚೇರಿಯ ಬಾಗಿಲಿಗೆ ಜಾಲಿಮುಳ್ಳು ಹಾಕಿಸಿತು. ಇದರಲ್ಲಿ ಫ್ರಾನ್ಸಿನವರ ತಪ್ಪಿಲ್ಲ. ತಪ್ಪೆಲ್ಲ ಚಿತ್ರಲಿಂಗಪ್ಪನದು.

ಊರಿನ ಹೆಸರು ಹೇಳುವುದಿಲ್ಲ. ಹೊಸದುರ್ಗದಿಂದ ಹೊಳಲ್ಕೆರೆಗೆ ಹೋಗುವ ಬಸ್ಸಿನಲ್ಲಿ ಕೂತರೆ, ತೆಂಗಿನ ತೋಟ ಮುಗಿದು ಗುಡ್ಡದ ಮೇಲೆ ಗಾಳಿಯಂತ್ರ ಕಾಣಿಸುವ ಹೊತ್ತಿಗೆ ಬರುತ್ತದೆ, ಅಷ್ಟು ಸಾಕು. ನನ್ನ ಹೆಸರು ದಯಾನಂದ. ನಾಡಕಚೇರಿಯ ಎದುರು ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಕಚೇರಿಯೊಳಗೆ ಏನು ನಡೆಯುತ್ತದೆ ಎನ್ನುವುದು ಒಳಗಿರುವವರಿಗಿಂತ ನನಗೇ ಹೆಚ್ಚು ಗೊತ್ತು. ಕಾಗದ ಯಾರದೇ ಇರಲಿ, ಓದದೆ ಜೆರಾಕ್ಸ್ ಮಾಡುವ ಅಭ್ಯಾಸ ನನಗಿಲ್ಲ.

ಚಿತ್ರಲಿಂಗಪ್ಪ ನಾಡಕಚೇರಿ ಕಾಂಪೌಂಡಿನ ಹೊಂಗೆ ಮರದ ಕೆಳಗೆ ಇಪ್ಪತ್ತಾರು ವರ್ಷದಿಂದ ಅರ್ಜಿ ಬರೆಯುತ್ತಿರುವವನು. ಒಂದು ಕಾಲಿಗೆ ಇಟ್ಟಿಗೆ ಕೊಟ್ಟ ಟೇಬಲ್ಲು, ಒಂದು ಕುರ್ಚಿ, ಎದುರಿಗೆ ಜನ ಕೂರಲು ಒಂದು ಬೆಂಚು. ಮರಕ್ಕೆ ತೂಗುಹಾಕಿದ ಬೋರ್ಡಿನಲ್ಲಿ ‘ಕನ್ನಡ ಮತ್ತು ಇಂಗ್ಲಿಷ್ ಅರ್ಜಿಗಳನ್ನು ಬರೆದುಕೊಡಲಾಗುವುದು’ ಎಂದಿದೆ. ಅವನು ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಪಾಸಾದದ್ದು ಮೂರನೇ ಸಲಕ್ಕೆ. ಮೂರು ಸಲ ಓದಿದ್ದರಿಂದ ಮೂರು ಪಟ್ಟು ಗೊತ್ತು ಎಂದು ಅವನ ಲೆಕ್ಕ.

ಯಾವ ಅರ್ಜಿ ನೋಡಿದರೂ ಕೊನೆಯ ಪುಟದಲ್ಲಿ ‘ಪರ್ಪಸ್’ ಎಂದು ಇಂಗ್ಲಿಷಿನಲ್ಲಿ ಅಚ್ಚು ಹಾಕಿ ಪಕ್ಕದಲ್ಲಿ ಒಂದು ಗೆರೆ ಎಳೆದಿರುತ್ತಾರೆ. ಚಿತ್ರಲಿಂಗಪ್ಪ ಆ ಗೆರೆಯ ಮೇಲೆ ಇಪ್ಪತ್ತಾರು ವರ್ಷವೂ ಒಂದೇ ಮಾತು ಬರೆದ: ‘ಅಗತ್ಯ ಕೆಲಸದ ನಿಮಿತ್ತ’. ಆದಾಯ ಪ್ರಮಾಣಪತ್ರಕ್ಕೂ ಅದೇ, ಜಾತಿ ಪ್ರಮಾಣಪತ್ರಕ್ಕೂ ಅದೇ. ಒಮ್ಮೆ ಮರಣ ಪ್ರಮಾಣಪತ್ರದ ಅರ್ಜಿಗೂ ಅದನ್ನೇ ಬರೆದಿದ್ದ. ಓದಿದರೆ ಸತ್ತವನು ಅಗತ್ಯ ಕೆಲಸದ ನಿಮಿತ್ತ ಹೋಗಿದ್ದಾನೆ, ಸಂಜೆ ಬರುತ್ತಾನೆ ಎನ್ನುವ ಹಾಗಿತ್ತು. ಯಾರೂ ಆಕ್ಷೇಪಿಸಲಿಲ್ಲ. ಹಿಂದಿನ ಸಾಹೇಬರೆಲ್ಲ ಆ ಗೆರೆ ತುಂಬಿದೆಯೋ ಇಲ್ಲವೋ ಎಂದಷ್ಟೇ ನೋಡುತ್ತಿದ್ದರು.

ಹೊಸದಾಗಿ ಬಂದ ಉಪ ತಹಶೀಲ್ದಾರ್ ರೇಣುಕಾ ಮೇಡಂ ಹಾಗಲ್ಲ. ಅವರ ಮನೆ ಚಿತ್ರದುರ್ಗದಲ್ಲಿ. ದಿನಾ ಅಲ್ಲಿಂದ ಒಂದು ಬಸ್ಸು, ಹೊಳಲ್ಕೆರೆಯಲ್ಲಿ ಇಳಿದು ಇನ್ನೊಂದು ಬಸ್ಸು, ಎರಡರಲ್ಲೂ ಬಹುಪಾಲು ನಿಂತೇ ಬಂದು, ಹತ್ತು ಗಂಟೆಗೆ ಸರಿಯಾಗಿ ಕುರ್ಚಿಯಲ್ಲಿ ಕೂರುತ್ತಿದ್ದರು. ಕೂತವರು ಅರ್ಜಿಗಳನ್ನು ಓದುತ್ತಿದ್ದರು. ಇದು ನಮ್ಮೂರಿಗೆ ಹೊಸದು. ಬಂದ ಮೊದಲ ವಾರವೇ ಹದಿನೇಳು ಅರ್ಜಿ ವಾಪಸ್ಸು ಬಂದವು, ಅವುಗಳ ಹಿಂದೆಯೇ ಚಿತ್ರಲಿಂಗಪ್ಪನಿಗೆ ಕರೆ ಬಂತು.

“ಚಿತ್ರಲಿಂಗಪ್ಪನವರೇ, ಈ ಹದಿನೇಳು ಜನಕ್ಕೂ ಒಂದೇ ಉದ್ದೇಶವಾ?”

“ಎಲ್ಲಾರ್ದೂ ಅಗತ್ಯನೇ ಐತೆ ಮೇಡಮ್ಮೋರೆ.”

“ಪರ್ಪಸ್ ಅಂದರೆ ಏನು ಅಂತ ನಿಮಗೆ ಗೊತ್ತಿದೆಯಾ?”

ಇಲ್ಲಿ ‘ಇಲ್ಲ’ ಎಂದಿದ್ದರೆ ಕಥೆ ಮುಗಿದುಹೋಗುತ್ತಿತ್ತು, ನನಗೆ ಬರೆಯುವ ಕೆಲಸ ತಪ್ಪುತ್ತಿತ್ತು. ಆದರೆ ಬೋರ್ಡು ಹಾಕಿಕೊಂಡ ಮನುಷ್ಯ ಇಲ್ಲ ಎನ್ನುವುದು ಹೇಗೆ?

“ಗೊತ್ತಿಲ್ದೆ ಇಪ್ಪತ್ತಾರು ವರ್ಷದಿಂದ ಬರೀತೀನಾ?” ಎಂದ.

“ಹಾಗಾದರೆ ಸರಿಯಾಗಿ ಬರೀರಿ. ಪ್ರತಿಯೊಬ್ಬರ ಉದ್ದೇಶವೂ ಸ್ಪಷ್ಟವಾಗಿ ನನ್ನ ಮುಂದೆ ಇರಬೇಕು. ಒಂದು ವಾರ ನೋಡ್ತೀನಿ. ಆಗಲಿಲ್ಲ ಅಂದರೆ ನಿಮ್ಮ ಟೇಬಲ್ಲು ಕಾಂಪೌಂಡಿನ ಹೊರಗೆ.”

ಹೊರಗೆ ಎಂದರೆ ಏನು ಎಂದು ಓದುವವರಿಗೆ ಗೊತ್ತಾಗಬೇಕು. ಹೊರಗೆ ಇರುವುದು ಚರಂಡಿ ದಂಡೆ, ನನ್ನ ಅಂಗಡಿ ಪಕ್ಕ. ನೆರಳಿಲ್ಲ. ಅದಕ್ಕಿಂತ ಹೆಚ್ಚಿನ ಮಾತೆಂದರೆ, ಕಾಂಪೌಂಡಿನೊಳಗೆ ಹೊಂಗೆ ಮರದ ಕೆಳಗೆ ಕೂತವನು ಅರ್ಧ ಸರ್ಕಾರಿ ಮನುಷ್ಯ. ಜನ ಅವನಿಗೆ ಕೈ ಮುಗಿಯುತ್ತಾರೆ, ‘ಸ್ವಾಮೇರು’ ಎನ್ನುತ್ತಾರೆ. ಚರಂಡಿ ದಂಡೆಯಲ್ಲಿ ಕೂತವನನ್ನು ಬಸ್ಸು ಎಷ್ಟು ಗಂಟೆಗೆ ಎಂದು ಕೇಳುತ್ತಾರೆ.

ಆ ಸಂಜೆ ಮನೆಯಲ್ಲಿ ನಡೆದದ್ದನ್ನು ಅವನ ಹೆಂಡತಿ ಪಾರ್ವತಮ್ಮನವರೇ ನನಗೆ ಹೇಳಿದರು. ಅವರು ಪಡಸಾಲೆಯಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತಾ ಕೂತಿದ್ದರಂತೆ. ಮಗಳು ಕೀರ್ತನಾ ಹೊಸದುರ್ಗದಲ್ಲಿ ಬಿ.ಎಡ್. ಓದುತ್ತಾಳೆ, ಇಂಗ್ಲಿಷ್ ಅವಳ ವಿಷಯ. ಚಿತ್ರಲಿಂಗಪ್ಪ ಅವಳ ಹತ್ತಿರ ಹೋಗಿ ಎರಡು ಸಲ ಕೆಮ್ಮಿದ.

“ಕೀರ್ತನಾ, ಪರ್ಪಸ್ ಅಂದ್ರೆ ಏನು ಹೇಳು ನೋಡಾಣ. ನನಗೆ ಗೊತ್ತೈತೆ. ನಿಮ್ಮ ಕಾಲೇಜ್ನಾಗೆ ಸರಿಯಾಗಿ ಹೇಳ್ಕೊಡ್ತಾರೋ ಇಲ್ವೋ ಅಂತ ಕೇಳ್ದೆ.”

“ಉದ್ದೇಶ, ಅಪ್ಪಾಜಿ.”

“ಅದು ದನ ಕಾಯೋನಿಗೂ ಗೊತ್ತು. ಅದರ ಬೇರು ಹೇಳು.”

ಅವಳು ಫೋನ್ ತೆಗೆದು ಹುಡುಕಿದಳು. “ಇದು ಇಂಗ್ಲಿಷಿಗೆ ಹಳೇ ಫ್ರೆಂಚಿನಿಂದ ಬಂದದ್ದು ಅಪ್ಪಾಜಿ. ‘ಪುರ್’ ಅಂದ್ರೆ ಮುಂದಕ್ಕೆ, ‘ಪೋಸೆ’ ಅಂದ್ರೆ ಇಡೋದು. ಮುಂದೆ ಇಡೋದು ಅಂತ ಮೂಲ ಅರ್ಥ. ಅಂದ್ರೆ ನಾವು ಮಾಡಬೇಕು ಅಂತಿರೋದನ್ನ ಮನಸ್ಸಿನಲ್ಲಿ…”

ಚಿತ್ರಲಿಂಗಪ್ಪ ಅಷ್ಟರಲ್ಲಿ ಎದ್ದು ನಿಂತಿದ್ದ.

“ಪೂರ್ತಿ ಕೇಳ್ಕಂಡು ಹೋಗ್ರಿ,” ಎಂದರು ಪಾರ್ವತಮ್ಮ.

“ಇಷ್ಟು ಸಾಕು. ಮೇಡಮ್ಮೋರೂ ಇದನ್ನೇ ಹೇಳಿದ್ದು, ‘ನನ್ನ ಮುಂದೆ ಇರಬೇಕು’ ಅಂತ. ನನಗೇ ತಲೆಗೆ ಹೋಗ್ಲಿಲ್ಲ. ಭಾಳ ಓದಿದ ಹೆಣ್ಮಗಳು ಆಕೆ.”

ಮಾರನೇ ದಿನ ಬೆಳಗ್ಗೆ ಬೆಂಚಿನ ಮೇಲೆ ಕೂತಿದ್ದವರಿಗೆ ಫ್ರಾನ್ಸಿನ ವಿಷಯ ತಿಳಿಸಲಾಯಿತು. ಅದು ಸಮುದ್ರದ ಆಚೆ ಇರುವ ದೇಶವೆಂದೂ, ಅಲ್ಲಿ ಯಾರಾದರೂ ಅರ್ಜಿ ಕೊಟ್ಟರೆ ಬರೀ ಕಾಗದ ಕೊಡುವುದಿಲ್ಲವೆಂದೂ, ಯಾವುದಕ್ಕಾಗಿ ಅರ್ಜಿಯೋ ಅದನ್ನೇ ತಂದು ಅಧಿಕಾರಿಯ ಮುಂದೆ ಇಡುತ್ತಾರೆಂದೂ, ಅದಕ್ಕೇ ಆ ಪದ ಹುಟ್ಟಿತೆಂದೂ ಚಿತ್ರಲಿಂಗಪ್ಪ ವಿವರಿಸಿದ. ಮಗಳು ಹೇಳಿದ್ದು ಎರಡು ಸಾಲು. ಉಳಿದದ್ದೆಲ್ಲ ಇವನ ಸ್ವಂತ ಕೊಡುಗೆ. ಬೆಂಚಿನ ತುದಿಯಲ್ಲಿ ಕುರಿ ಕಾಯುವ ಎತ್ತಪ್ಪ ಕೂತಿದ್ದ. ಕುರಿ ಶೆಡ್ಡಿನ ಯೋಜನೆಗೆ ಅವನಿಗೊಂದು ಆದಾಯ ಪ್ರಮಾಣಪತ್ರ ಬೇಕಿತ್ತು. ವಾಪಸ್ಸು ಬಂದ ಹದಿನೇಳು ಅರ್ಜಿಗಳಲ್ಲಿ ಅವನದೂ ಒಂದು.

“ನಿನ್ನ ಉದ್ದೇಶ ಏನಪ್ಪ?”

“ಕುರಿ.”

“ಎಲ್ಲೈತೆ?”

“ಹಟ್ಟಿಯಾಗೈತೆ.”

“ಹಟ್ಟಿಯಾಗಿದ್ರೆ ಮೇಡಮ್ಮೋರಿಗೆ ಹೆಂಗೆ ಕಾಣ್ತೈತೆ? ಮುಂದೆ ಇಡ್ಬೇಕು.”

“ಎಲ್ಲಾವ್ನೂ ತರ್ಲಾ? ತೊಂಬತ್ತು ಅವೆ.”

“ಒಂದು ಸಾಕು. ನೋಡಾಕೆ ಚೆನ್ನಾಗಿರೋದು ತಾ.”

ಎತ್ತಪ್ಪ ಮಧ್ಯಾಹ್ನದ ಹೊತ್ತಿಗೆ ತಂದದ್ದು ಸುರುಳಿ ಕೊಂಬಿನ ಟಗರು. ಹಣೆಗೆ ಅರಿಶಿನ ಹಚ್ಚಿದ್ದ. ಜವಾನ ರಾಮಾಂಜನೇಯ ಬಾಗಿಲಲ್ಲಿ ತಡೆಯಲು ಹೋದವನು ಕೊಂಬು ನೋಡಿ ಪಕ್ಕಕ್ಕೆ ಸರಿದ. ಟಗರು ಏನೂ ಗಲಾಟೆ ಮಾಡಲಿಲ್ಲ. ಕಾಗದ ತಿನ್ನಲಿಲ್ಲ, ಗುಮ್ಮಲಿಲ್ಲ. ಮೇಡಂ ಟೇಬಲ್ಲಿನ ಎದುರು ನಿಂತು ಅವರ ಮುಖವನ್ನೇ ನೋಡತೊಡಗಿತು.

“ಏನ್ರಿ ಇದು?”

“ನನ್ನ ಉದ್ದೇಶ ಮೇಡಮ್ಮೋರೆ,” ಎಂದ ಎತ್ತಪ್ಪ ಕೈ ಮುಗಿದು.

ಮೇಡಂ ಎಡಕ್ಕೆ ವಾಲಿದರೆ ಟಗರು ಎಡಕ್ಕೆ ನೋಡುತ್ತಿತ್ತು, ಬಲಕ್ಕೆ ವಾಲಿದರೆ ಬಲಕ್ಕೆ. ಒಂದು ಪ್ರಾಣಿ ರೆಪ್ಪೆ ಮಿಟುಕಿಸದೆ ನೋಡುತ್ತಿರುವಾಗ ‘ನಾಳೆ ಬಾ’ ಎನ್ನುವುದು ಎಂಥ ಅಧಿಕಾರಿಗೂ ಕಷ್ಟ. ಆರು ನಿಮಿಷಕ್ಕೆ ಪ್ರಮಾಣಪತ್ರ ಎತ್ತಪ್ಪನ ಕೈಯಲ್ಲಿತ್ತು. ಮೇಡಂ ಸಹಿ ಮಾಡಿದ್ದು ಟಗರನ್ನು ಹೊರಗೆ ಕಳಿಸುವುದಕ್ಕೆ. ಜನ ತಿಳಿದುಕೊಂಡದ್ದು ಫ್ರಾನ್ಸಿನ ಪದ್ಧತಿಗೆ ಅಂಥ ಶಕ್ತಿ ಇದೆಯೆಂದು. ಸಂಜೆಯೊಳಗೆ ಸುದ್ದಿ ಏಳು ಹಳ್ಳಿಗೆ ಮುಟ್ಟಿತ್ತು.

ಮೂರು ದಿನ ಕಳೆದು ಪಾಲಮ್ಮ ಬಂದಳು. ಎಂಬತ್ತರ ಮುದುಕಿ, ಅವಳಿಗೆ ಬೇಕಾದದ್ದು ವಂಶವೃಕ್ಷದ ಪತ್ರ. ಅಜ್ಜನಿಂದ ಮೊಮ್ಮಕ್ಕಳವರೆಗೆ ಮನೆತನದಲ್ಲಿ ಯಾರ್ಯಾರಿದ್ದಾರೆ ಎಂದು ಸರ್ಕಾರ ಬರೆದು ಕೊಡುವ ಕಾಗದ ಅದು. ಚಿತ್ರಲಿಂಗಪ್ಪ ಅವಳಿಗೆ ಒಂದೇ ಮಾತು ಹೇಳಿದ: “ವೃಕ್ಷ ತಗೊಂಡು ಬಾರಜ್ಜಿ.”

ಎರಡು ಟ್ರ್ಯಾಕ್ಟರಿನಲ್ಲಿ ನಲವತ್ತಮೂರು ಜನ ಬಂದಿಳಿದರು. ಚಿತ್ರಲಿಂಗಪ್ಪನೇ ಮುಂದೆ ನಿಂತು ನಾಡಕಚೇರಿಯ ಮೆಟ್ಟಿಲ ಮೇಲೆ ವೃಕ್ಷ ಜೋಡಿಸಿದ. ಮೇಲಿನ ಮೆಟ್ಟಿಲಲ್ಲಿ ಕುರ್ಚಿ ಹಾಕಿ ಪಾಲಮ್ಮ, ಅವಳ ಕೈಯಲ್ಲಿ ಸತ್ತ ಗಂಡನ ಫೋಟೋ. ಅವಳ ಕೆಳಗೆ ಮಕ್ಕಳು ಸೊಸೆಯರು, ಅವರ ಕೆಳಗೆ ಮೊಮ್ಮಕ್ಕಳು, ಅಂಗಳದಲ್ಲಿ ಮರಿಮಕ್ಕಳು. ಎರಡನೇ ಮಗನಿಗೆ ಇಬ್ಬರು ಹೆಂಡಿರು. ಕಿರಿಯವಳ ಮಕ್ಕಳು ಎಡಕ್ಕೋ ಬಲಕ್ಕೋ ಎಂದು ಅರ್ಧ ಗಂಟೆ ಜಗಳವಾಯಿತು. ಅದು ಮುಗಿಯುವಷ್ಟರಲ್ಲಿ ಬಸುರಿ ಸೊಸೆಯೊಬ್ಬಳು ಹೊಟ್ಟೆ ತೋರಿಸಿ, “ಇದನ್ನ ಎಲ್ಲಿ ನಿಲ್ಸೋದು?” ಎಂದು ಕೇಳಿದಳು.

ಚಿತ್ರಲಿಂಗಪ್ಪ ಗಡ್ಡ ಕೆರೆದುಕೊಂಡ. “ನೀನು ಅರ್ಧ ಮೆಟ್ಟಿಲು ಇಳಿದು ನಿಂತ್ಕಳವ್ವ.”

ಮೆಟ್ಟಿಲಿನಲ್ಲಿ ಅರ್ಧ ಇರುವುದಿಲ್ಲ. ಅವಳು ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಇಟ್ಟು ನಿಂತಳು. ಗಲಾಟೆ ಕೇಳಿ ಹೊರಗೆ ಬಂದ ಮೇಡಂ ಆ ವೃಕ್ಷದ ನೆತ್ತಿಯ ಮೇಲೆ, ಪಾಲಮ್ಮನ ಕುರ್ಚಿಯ ಹಿಂದೆ ನಿಂತರು. ಹಾಗಾಗಿ ನೋಡುವವರಿಗೆ ಮೇಡಮ್ಮೇ ಆ ವಂಶದ ಮೂಲ ದೇವತೆಯ ಹಾಗೆ ಕಂಡರು. ಕೆಳಗಿದ್ದ ಮರಿಮಕ್ಕಳಲ್ಲಿ ಇಬ್ಬರು ಕೈ ಮುಗಿದೇಬಿಟ್ಟರು. ಮೇಡಂ ಪಟ್ಟಿ ತರಿಸಿ, ಹೆಸರು ಕೂಗಿ, ಒಬ್ಬೊಬ್ಬರನ್ನೇ ನೋಡಿ ಟಿಕ್ ಹಾಕಿದರು. ಒಂದೂ ತಪ್ಪಿರಲಿಲ್ಲ. ಸಹಿ ಹಾಕಿ, ಹಲ್ಲು ಕಚ್ಚಿ, “ಚಿತ್ರಲಿಂಗಪ್ಪನವರೇ, ಇದೇ ಕೊನೆ,” ಎಂದರು.

ಇದೇ ಕೊನೆ ಎಂದರೆ ಈ ಅರ್ಜಿಗೆ ಕೊನೆಯ ಸಹಿ ಎಂದು ಅರ್ಥ ಮಾಡಿಕೊಂಡು ಅವನು ಖುಷಿಯಿಂದ ಮರದ ಕೆಳಗೆ ಬಂದು ಕೂತ. ವಾರದಲ್ಲಿ ಇನ್ನೊಂದೇ ದಿನ ಉಳಿದಿತ್ತು. ಟೇಬಲ್ಲು ಗೆದ್ದ ಹಾಗೇ ಎಂದು ನನ್ನ ಹತ್ತಿರ ಹೇಳಿಕೊಂಡ.

ಆ ಒಂದು ದಿನ ಬಂದವನು ಮಂಜಣ್ಣ. ಅವನ ಹೊಲಕ್ಕೆ ಹೋಗುವ ದಾರಿಗೆ ಪಕ್ಕದ ಹೊಲದವನು ಜಾಲಿಮುಳ್ಳು ಹಾಕಿ ಮುಚ್ಚಿದ್ದ. ದಾರಿ ಬಿಡಿಸಿಕೊಡಿ ಎಂದು ಅರ್ಜಿ. ಮುಂದೆ ಇಡಬೇಕಾದದ್ದು ಏನು ಎಂದು ಚಿತ್ರಲಿಂಗಪ್ಪನನ್ನು ಕೇಳುವ ಅಗತ್ಯವೇ ಅವನಿಗೆ ಬರಲಿಲ್ಲ, ಜನ ಅಷ್ಟು ತಯಾರಾಗಿದ್ದರು. ಗಾಡಿ ತುಂಬ ಅದೇ ಜಾಲಿಮುಳ್ಳು ಹೇರಿಕೊಂಡು ಬಂದು ಮೇಡಂ ಕೋಣೆಯ ಬಾಗಿಲಿಗೆ, ಹೊಲದಲ್ಲಿ ಇದ್ದ ಹಾಗೇ, ಎದೆಮಟ್ಟ ಬಡಿದ. ಮೇಡಂ ಒಳಗಿದ್ದರು. ಊಟದ ಡಬ್ಬಿ ಹಿಡಿದ ರಾಮಾಂಜನೇಯ ಹೊರಗಿದ್ದ.

“ಇದನ್ನ ತೆಗೀರಿ,” ಎಂದರು ಮೇಡಂ ಒಳಗಿನಿಂದ.

“ನಾನೂ ಎರಡು ವರ್ಷದಿಂದ ಅದನ್ನೇ ಹೇಳ್ತಾ ಇದೀನಿ ಮೇಡಮ್ಮೋರೆ,” ಎಂದ ಮಂಜಣ್ಣ. “ಅವನು ತೆಗೀತಿಲ್ಲ.”

ಕಿಟಕಿಗೆ ಸರಳು ಇದ್ದದ್ದರಿಂದ ಡಬ್ಬಿ ಹಿಡಿಸಲಿಲ್ಲ. ರಾಮಾಂಜನೇಯ ಚಪಾತಿಗಳನ್ನು ಒಂದೊಂದಾಗಿ ಸುರುಳಿ ಸುತ್ತಿ ಸರಳಿನ ನಡುವೆ ತೂರಿಸಿದ. ಪಲ್ಯ ತೂರಿಸುವ ಉಪಾಯ ಯಾರಿಗೂ ಹೊಳೆಯಲಿಲ್ಲ. ಮೂರೂವರೆಗೆ ಮೇಡಂ ಕಿಟಕಿಯಲ್ಲೇ ನಿಂತು, ನಾಳೆ ಖುದ್ದು ಹೊಲಕ್ಕೆ ಬಂದು ದಾರಿ ನೋಡುತ್ತೇನೆ ಎಂದು ಬರೆದು ಕೊಟ್ಟರು. ಮಂಜಣ್ಣ ಮುಳ್ಳು ತೆಗೆಯಲು ಶುರುಮಾಡಿದ. ಹಾಕಿದಷ್ಟು ಬೇಗ ಜಾಲಿಮುಳ್ಳು ತೆಗೆಯಲು ಬರುವುದಿಲ್ಲ. ಮೇಡಂ ಮುಳ್ಳಿಗೆ ಸಿಕ್ಕ ಸೀರೆ ಬಿಡಿಸಿಕೊಂಡು ಹೊರಗೆ ಬರುವಷ್ಟರಲ್ಲಿ ಐದು ಮುಕ್ಕಾಲಿನ ಬಸ್ಸು ಹೋಗಿತ್ತು. ಮುಂದಿನದು ಏಳೂವರೆಗೆ.

ಅವರು ಕೂಗಾಡಲಿಲ್ಲ. ಬಸ್ ನಿಲ್ದಾಣದ ಕಡೆ ಹೋಗುವ ಮೊದಲು ಹೊಂಗೆ ಮರದ ಹತ್ತಿರ ನಿಂತು, “ನಾಳೆಯಿಂದ ಈ ಟೇಬಲ್ಲು ಇಲ್ಲಿ ಇರಬಾರದು,” ಎಂದಷ್ಟೇ ಹೇಳಿದರು.

ಹೀಗೆ ಚಿತ್ರಲಿಂಗಪ್ಪ ಚರಂಡಿ ದಂಡೆಗೆ ಬಂದ. ಮೊದಲ ದಿನವೇ ಹನ್ನೊಂದು ಜನ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರು. ಎತ್ತಪ್ಪ, ಮಂಜಣ್ಣ ಬಂದು ಸ್ವಲ್ಪ ಹೊತ್ತು ಬಿಸಿಲಿನಲ್ಲಿ ಜೊತೆಗೆ ಕೂತು ಹೋದರು. ಪಾರ್ವತಮ್ಮ ಬುತ್ತಿ ತಂದವರು, “ಯಾಕೆ, ಫ್ರಾನ್ಸಿನೋರು ಊಟಕ್ಕೆ ಕರೀಲಿಲ್ವಾ?” ಎಂದು ಕೇಳಿದರು. ಅವನು ತಲೆ ತಗ್ಗಿಸಿ ಬುತ್ತಿ ಬಿಚ್ಚಿದ. ಮರದ ಕೆಳಗೆ ಜಾಗ ವಾಪಸ್ಸು ಕೊಡಿ ಎಂದು ಮೇಡಮ್ಮಿಗೆ ತಾನೇ ಒಂದು ಅರ್ಜಿ ಹಾಕಿಕೊಂಡ. ಪರ್ಪಸ್ ಎಂಬಲ್ಲಿ ಜಾಗ ಸಾಲದೆ ಎರಡು ಹಾಳೆ ಅಂಟಿಸಿ, ಹಳೇ ಫ್ರೆಂಚಿನಿಂದ ಆರಂಭಿಸಿ, ತನ್ನ ಮದುವೆಯವರೆಗೆ ಬರೆದಿದ್ದ. ಮೇಡಂ ಅದನ್ನು ಡ್ರಾಯರಿಗೆ ಹಾಕಿದರು.

ಅವನ ಕುತ್ತಿಗೆ ಬಿಸಿಲಿಗೆ ಕೆಂಪಾದದ್ದು ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. ಗೇಲಿ ಮಾಡಬೇಕೆಂದರೂ ಬಾಯಿ ಬರಲಿಲ್ಲ. ಇಪ್ಪತ್ತಾರು ವರ್ಷ ಅವನನ್ನು ಆ ಮರದ ಕೆಳಗೆ ನೋಡಿದ ಕಣ್ಣಿಗೆ ಮರವೂ ಒಂದು ಥರ ಬೋಳಾಗಿ ಕಾಣುತ್ತಿತ್ತು.

ಹತ್ತು ದಿನವಾಗಿತ್ತು. ರಾಮಾಂಜನೇಯ ಒಂದು ಕಾಗದ ತಂದು, “ಎರಡು ಕಾಪಿ, ಬೇಗ,” ಎಂದ. ಮೇಡಂ ಎರಡು ದಿನ ರಜೆ ಕೇಳಿ ಮೇಲಿನ ಕಚೇರಿಗೆ ಬರೆದ ಅರ್ಜಿ. ನನ್ನ ಅಭ್ಯಾಸ ಆಗಲೇ ಹೇಳಿದ್ದೇನೆ, ಓದಿದೆ. ಪರ್ಪಸ್ ಎಂದಿರುವ ಕಡೆ ದುಂಡು ಅಕ್ಷರದಲ್ಲಿ ಬರೆದಿತ್ತು: ‘ಅಗತ್ಯ ಕೆಲಸದ ನಿಮಿತ್ತ’.

ನಾನು ಎರಡರ ಬದಲು ಮೂರು ಕಾಪಿ ತೆಗೆದೆ. ಮಾಡಬಾರದಿತ್ತು, ಮಾಡಿದೆ. ರಾಮಾಂಜನೇಯ ಹೋದ ಕೂಡಲೇ ಮೂರನೆಯದನ್ನು ಚಿತ್ರಲಿಂಗಪ್ಪನ ಟೇಬಲ್ಲಿನ ಮೇಲೆ ಇಟ್ಟೆ. “ನೋಡಯ್ಯ. ಇದನ್ನ ತಗೊಂಡೋಗಿ ಆಕೆ ಮುಂದೆ ಇಡು. ನಿನ್ನ ಮರ ನಿನಗೆ ಬರ್ತೈತೆ.”

ಅವನು ಓದಿದ. ಇನ್ನೊಮ್ಮೆ ಓದಿದ. ಹಿಗ್ಗುತ್ತಾನೆ ಎಂದುಕೊಂಡಿದ್ದ ನನಗೆ ಅವನ ಮುಖ ಬಾಡಿದ್ದು ನೋಡಿ ಆಶ್ಚರ್ಯವಾಯಿತು.

“ಅಯ್ಯೋ ಪಾಪ. ಇದು ವಾಪಸ್ ಬರ್ತೈತೆ ಕಣೋ ದಯಾನಂದ. ಆಯಮ್ಮಂಗೆ ರಜಾ ಸಿಗಲ್ಲ.”

ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ರಸ್ತೆ ದಾಟಿದ. ಏನಾಗುತ್ತದೋ ಎಂದು ನಾನು ಸ್ಟೇಪ್ಲರ್ ಹಿಡಿದುಕೊಂಡು, ಅದನ್ನು ಕೊಡಲು ಬಂದವನ ಹಾಗೆ ಹಿಂದೆಯೇ ಹೋದೆ.

ಮೇಡಂ ಅವನನ್ನು ನೋಡಿದ ಕೂಡಲೇ ಅವನ ಬೆನ್ನ ಹಿಂದೆ ನೋಡಿದರು. ಯಾವ ಪ್ರಾಣಿಯೂ ಇಲ್ಲವೆಂದು ಖಾತ್ರಿಯಾದ ಮೇಲೆ, “ಏನು?” ಎಂದರು. ಅವನು ಕಾಪಿಯನ್ನು ಮುಂದೆ ಇಟ್ಟ. ಅದು ಅವನ ಕೈಗೆ ಹೇಗೆ ಬಂತೆಂದು ಕೇಳುವ ಮೊದಲು ಮೇಡಂ ನನ್ನ ಕಡೆ ನೋಡಿದರು. ನಾನು ಸ್ಟೇಪ್ಲರ್ ನೋಡಿದೆ.

“ಮೇಡಮ್ಮೋರೆ, ಹಿಂಗೆ ಬರೆದ್ರೆ ಮೇಲಿನೋರು ಒಪ್ಪಲ್ಲ. ನಿಮ್ಮ ಉದ್ದೇಶ ಏನು ಅಂತ ಹೇಳ್ರಿ. ನಾನು ಬಿಡಿಸಿ ಬರೆದು ಕೊಡ್ತೀನಿ. ಹನ್ನೊಂದು ಗಂಟೆ ಟಪ್ಪಾಲಿಗೆ ಹೋಗ್ತೈತೆ.”

ಮೇಡಂ ಬಹಳ ಹೊತ್ತು ಅವನನ್ನೇ ನೋಡಿದರು. ಅವನು ಅಣಕಿಸುತ್ತಿದ್ದಾನೋ ಎಂದು ಹುಡುಕುತ್ತಿದ್ದರು ಅನಿಸುತ್ತದೆ. ಚಿತ್ರಲಿಂಗಪ್ಪನಿಗೆ ಅಣಕಿಸಲು ಬರುವುದಿಲ್ಲ, ಅಷ್ಟು ಬುದ್ಧಿ ಇದ್ದಿದ್ದರೆ ಚರಂಡಿ ದಂಡೆಗೆ ಬರುತ್ತಿರಲಿಲ್ಲ. ಅವನು ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದ.

“ಮಲಗಬೇಕು,” ಎಂದರು ಮೇಡಂ ಕೊನೆಗೆ.

“ಆಂ?”

“ಎರಡು ದಿನ ಮಲಗಬೇಕು ಕಣ್ರಿ. ಬೆಳಗ್ಗೆ ಐದಕ್ಕೆ ಏಳ್ತೀನಿ. ಅಡಿಗೆ, ಮಕ್ಕಳು, ಎರಡು ಬಸ್ಸು, ಇಲ್ಲಿ ನೀವೆಲ್ಲ, ಮತ್ತೆ ಎರಡು ಬಸ್ಸು. ನನಗೆ ಯಾವ ಕೆಲಸವೂ ಇಲ್ಲ. ಬಾಗಿಲು ಹಾಕ್ಕೊಂಡು ಮಲಗಬೇಕು, ಅಷ್ಟೇ. ಅದನ್ನ ಮೇಲಿನವರ ಮುಂದೆ ಇಡೋಕಾಗುತ್ತಾ?”

ಚಿತ್ರಲಿಂಗಪ್ಪ ಪ್ರಾಮಾಣಿಕವಾಗಿ ಯೋಚಿಸಿದ. ಚಾಪೆ, ದಿಂಬು, ಅವುಗಳ ಮೇಲೆ ಮೇಡಂ, ಮೇಲಿನ ಕಚೇರಿಯ ಸಾಹೇಬರ ಟೇಬಲ್ಲಿನ ಎದುರು. ಅಷ್ಟೂ ಅವನ ಮುಖದ ಮೇಲೆ ಹಾದುಹೋದದ್ದು ನನಗೆ ಕಾಣಿಸಿತು. ಆಮೇಲೆ ನಿಧಾನವಾಗಿ ಪೆನ್ನಿನ ಮುಚ್ಚಳ ಹಾಕಿದ.

“ಬ್ಯಾಡ ಬಿಡ್ರಿ ಮೇಡಮ್ಮೋರೆ. ನೀವು ಬರೆದಿರೋದೇ ಸರಿ ಐತೆ. ನನ್ನ ಬೆಂಚಿಗೆ ಬರೋರಲ್ಲೂ ಹಿಂಗೇ. ಗಂಡನ್ನ ಬಿಟ್ಟು ಬಂದಿರ್ತಾರೆ, ಅಣ್ಣತಮ್ಮ ಕಿತ್ತಾಡಿರ್ತಾರೆ. ಎಲ್ಲಾನೂ ನನಗೆ ಹೇಳ್ತಾರೆ, ಹೇಳಿ ಅಳ್ತಾರೆ. ಆಮೇಲೆ ‘ಇದನ್ನ ಬರೀಬ್ಯಾಡ್ರಿ ಸ್ವಾಮೇರೆ’ ಅಂತಾರೆ. ಅಂಥೋರಿಗೆ ಅಂತಲೇ ನಾನು ಮೊದಲು ಇದನ್ನ ಬರೆಯಾಕೆ ಶುರುಮಾಡಿದ್ದು. ಆಮೇಲೆ ಅಭ್ಯಾಸ ಆಗಿ ಟಗರಿನೋನಿಗೂ ಬರೆದೆ. ಅದು ತಪ್ಪೇ.”

ಮೇಡಂ ಡ್ರಾಯರ್ ಎಳೆದು ಅವನ ಅರ್ಜಿ ತೆಗೆದರು. ಅಂಟಿಸಿದ ಎರಡು ಹಾಳೆ ಕಿತ್ತು, ಖಾಲಿಯಾದ ಗೆರೆಯನ್ನು ಅವನ ಕಡೆ ತಿರುಗಿಸಿ, “ಬರೀರಿ,” ಎಂದರು.

ಅವನು ಬರೆದ. ಮೂರೇ ಪದ. ಮೇಡಂ ಓದಿ, ಕೆಳಗೆ ಸಹಿ ಹಾಕಿದರು. “ಕುರಿ ಅಂದರೆ ಕುರಿ ಅಂತ ಬರೀಬೇಕು. ಆದರೆ ತರಬಾರದು,” ಎಂದರು. ನನಗೆ, “ನೀವು ಇನ್ನೊಬ್ಬರ ಕಾಗದ ಓದೋದು ಬಿಡಬೇಕು,” ಎಂದರು. ನಾನು ಆಗಲಿ ಎಂದೆ.

ಮಧ್ಯಾಹ್ನವೇ ಎತ್ತಪ್ಪ, ಮಂಜಣ್ಣ ಸೇರಿ ಟೇಬಲ್ಲು ಹೊತ್ತು ಮರದ ಕೆಳಗೆ ಇಟ್ಟರು. ಇಟ್ಟಿಗೆ ಮರೆತು, ಮತ್ತೆ ಬಂದು ತಗೊಂಡು ಹೋದರು.

ಆಮೇಲಿನ ಎರಡು ದಿನ ಮೇಡಂ ಬರಲಿಲ್ಲ. ಜನ ಬಂದು ಬೀಗ ಹಾಕಿದ ಕೋಣೆ ನೋಡಿ, ಮೇಡಂ ಎಲ್ಲಿ, ಯಾಕೆ ಬಂದಿಲ್ಲ ಎಂದು ಕೇಳುತ್ತಿದ್ದರು. ಚಿತ್ರದುರ್ಗ ಇಲ್ಲಿಂದ ಎರಡು ಬಸ್ಸಿನ ದೂರ. ಆದರೂ ಚಿತ್ರಲಿಂಗಪ್ಪ ಬರೆಯುತ್ತಿದ್ದ ಅರ್ಜಿಯಿಂದ ತಲೆಯೆತ್ತಿ, ತುಟಿಯ ಮೇಲೆ ಬೆರಳಿಟ್ಟು, ತಗ್ಗಿದ ದನಿಯಲ್ಲಿ ಹೇಳುತ್ತಿದ್ದ:

“ಅಗತ್ಯ ಕೆಲಸದ ಮೇಲೆ ಅವ್ರೆ. ಗಲಾಟೆ ಮಾಡಬ್ಯಾಡ್ರಿ.”